ಫಿಶ್ ಲ್ಯಾಡರ್ (ಮೀನು ಅಣೆಕಟ್ಟು ಹತ್ತಿ ದಾಟಲು ಕಟ್ಟಿದ ಮೆಟ್ಟಿಲಿನಂಥ ಕಾಲುವೆ) ತುದಿಯಲ್ಲಿ ಒಂದು ಕ್ಯಾಮೆರಾ ಇಟ್ಟರೆ ಸಾಕಲ್ಲವೇ, ಟ್ಯಾಗ್ ಖರ್ಚು ಯಾಕೆ?

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಸಾಕಾಗಲ್ಲ. ಹತ್ತಿ ಬಂದ ಮೀನು ಮಾತ್ರ ಕ್ಯಾಮೆರಾಕ್ಕೆ ಕಾಣುತ್ತೆ. ಕೆಳಗೆ ಲ್ಯಾಡರಿನ ಬಾಯಿಯೇ ಸಿಗದೆ ವಾಪಸ್ ಹೋದದ್ದರ ಲೆಕ್ಕ ಯಾರ ಹತ್ತಿರವೂ ಇರಲ್ಲ. ಅಣೆಕಟ್ಟು ಮೀನಿಗೆ ದಾರಿ ಬಿಡುತ್ತಿದೆಯೋ ಇಲ್ಲವೋ ಗೊತ್ತಾಗುವುದು ಆ ಲೆಕ್ಕದಿಂದ.

ಅಮೆರಿಕದ ಕೊಲಂಬಿಯಾ ನದಿಯ ಬೊನ್ನೆವಿಲ್ ಅಣೆಕಟ್ಟಿನಲ್ಲಿ 1938ರಿಂದ ಎಣಿಕೆ ನಡೆದಿದೆ. ಅಲ್ಲೂ ಮೇಲೆ ಬಂದ ಸಾಲ್ಮನ್ ಮೀನು ಸ್ಪಿಲ್‌ವೇಯಲ್ಲಿ (ಹೆಚ್ಚುವರಿ ನೀರು ಹರಿದುಹೋಗುವ ದಾರಿ) ಕೆಳಕ್ಕೆ ಜಾರಿ ಮತ್ತೆ ಹತ್ತಿದರೆ ಒಂದೇ ಮೀನು ಎರಡಾಗುತ್ತೆ. ಹಾವಿನಂತೆ ಉದ್ದನೆಯ ಲ್ಯಾಂಪ್ರೇ ಮೀನು ಹೆಚ್ಚಾಗಿ ರಾತ್ರಿ ಹತ್ತುವುದರಿಂದ ಹಗಲಿನ ಎಣಿಕೆಗೆ ಸಿಗಲ್ಲ.

ಮೀನಿನ ದೇಹದೊಳಗೆ ಪಿಐಟಿ ಟ್ಯಾಗ್ ಹಾಕಿ, ಪ್ರತಿ ಮೀನಿಗೂ ಬೇರೆ ನಂಬರ್ ಇರುವ ಗುರುತು ಚಿಪ್ ಅದು. 12 ಮಿ.ಮೀ. ಉದ್ದದ ಗಾಜಿನ ಕೊಳವೆ, ಬ್ಯಾಟರಿ ಇಲ್ಲ, 134.2 ಕಿಲೋಹರ್ಟ್ಸ್ ಆಂಟೆನಾ ಎದುರು ಬಂದಾಗ ತನ್ನ ನಂಬರ್ ಹೇಳುತ್ತೆ.

ಎಲ್ಲರೂ ಎಡವುವುದು ಆಂಟೆನಾದಲ್ಲಿ. ದುಡ್ಡು ಉಳಿಸಲು ಒಂದೇ ಹಾಕುತ್ತಾರೆ. ಒಂದೇ ಇದ್ದರೆ ಮೀನು ಹತ್ತಿತೋ ಇಳಿಯಿತೋ ಗೊತ್ತಾಗಲ್ಲ. ಎಷ್ಟು ಮೀನು ಓದದೆ ಬಿಟ್ಟಿತು ಎಂದಂತೂ ಗೊತ್ತಾಗುವುದೇ ಇಲ್ಲ. ಎರಡಿದ್ದರೆ ಲೆಕ್ಕ ಸುಲಭ: ಮೇಲಿನದು 50 ಮೀನು ಓದಿ, ಅವುಗಳಲ್ಲಿ 40 ಮಾತ್ರ ಕೆಳಗಿನದರಲ್ಲೂ ದಾಖಲಾಗಿದ್ದರೆ ಕೆಳಗಿನದರ ಸಾಮರ್ಥ್ಯ ಶೇ. 80. ಮೇಲಿನದನ್ನು ಪರೀಕ್ಷಿಸಲು ಅದಕ್ಕೂ ಮೇಲೆ ಮೂರನೆಯದು ಬೇಕು. ಎರಡು ಮೀನು ಒಟ್ಟಿಗೆ ನುಗ್ಗಿದರೆ ಸಿಗ್ನಲ್ ಕಲಸಿ ಎರಡೂ ತಪ್ಪಬಹುದು. ಮೀನು ಅಡ್ಡ ತಿರುಗಿದರೆ ಓದುವ ದೂರ ಕುಗ್ಗುತ್ತೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಪಕ್ಕದ ಪಂಪಿನ ಮೋಟರ್ ಎರಡೂ ಸಿಗ್ನಲ್ ಹಾಳು ಮಾಡುತ್ತವೆ. ಆದ್ದರಿಂದ ಆಂಟೆನಾ ಬಿಗಿಯುವ ಮೊದಲೇ ಮರದ ಕೋಲಿಗೆ ಟ್ಯಾಗ್ ಕಟ್ಟಿ ತಳ, ನಡು, ಮೂಲೆ ಎಲ್ಲ ಕಡೆ ಆಡಿಸಿ ನೋಡಿ. ನೀರು ಏರಿದಾಗ ಮತ್ತೊಮ್ಮೆ. ಆಂಟೆನಾ ಪಕ್ಕ ಒಂದು ಟೈಮರ್ ಟ್ಯಾಗ್ (ನಿಗದಿತ ಸಮಯಕ್ಕೊಮ್ಮೆ ತಾನೇ ನಂಬರ್ ಹೇಳುವ ಪರೀಕ್ಷಾ ಟ್ಯಾಗ್) ಇರಲಿ. ಅದರ ದಾಖಲೆ ನಿಂತ ಗಂಟೆಯಲ್ಲಿ 'ಮೀನು ಬರಲಿಲ್ಲ' ಅಂತ ಬರೆಯಬೇಡಿ, ಆಂಟೆನಾ ಸತ್ತಿರುತ್ತೆ.

ದುಡ್ಡು ಸಾಲದಿದ್ದರೆ ಕ್ಯಾಮೆರಾ ಬಿಡಿ, ಎರಡನೇ ಆಂಟೆನಾ ಬಿಡಬೇಡಿ. ಟ್ಯಾಗಿಗೆ ಮೀನನ್ನು ಲ್ಯಾಡರಿನೊಳಗೆ ಹಿಡಿಯಲೂಬೇಡಿ, ಅವು ಆಗಲೇ ಬಾಯಿ ಪತ್ತೆ ಮಾಡಿಕೊಂಡ ಮೀನುಗಳು. ಅಣೆಕಟ್ಟಿನಿಂದ ಸಾಕಷ್ಟು ಕೆಳಗೆ, ನದಿಯಲ್ಲೇ ಹಿಡಿದು ಅಲ್ಲೇ ಬಿಡಿ.