ಚಿಕ್ಕಪೇಟೆ ಕುಸಿಯಲಿಲ್ಲ, ನಮ್ಮ ಗುಡ್ಡದ ಬರೆ ಯಾಕೆ ಕುಸಿಯಿತು?

ಓದುಗರ ಪತ್ರ: ಮಗಳ ಮದುವೆಗೆ ಸೀರೆ ತರಲು ಬೆಂಗಳೂರಿಗೆ ಹೋಗಿದ್ದೆವು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದೆವು. ಎಸ್ಕಲೇಟರ್ ಹತ್ತಿ ಮೇಲೆ ಬರುವಾಗ ನನಗೆ ಒಂದೇ ಯೋಚನೆ. ಮೇಲೆ ಅಷ್ಟೊಂದು ಹಳೇ ಕಟ್ಟಡ, ಅಂಗಡಿ, ಜನ. ಕೆಳಗೆ ರೈಲು. 2018ರಲ್ಲಿ, ಯಾರೂ ಸುರಂಗ ಕೊರೆಯದ ನಮ್ಮ ಕೊಡಗಿನ ಬೆಟ್ಟವೇ ಜಾರಿ ಬಂತು. ಅಲ್ಲಿ ಅಷ್ಟು ಆಳ ಅಗೆದರೂ ನಿಂತಿದೆ. ಇದು ಹೇಗೆ? ಭೂಮಿಯ ಹೊಟ್ಟೆ ಬಗೆಯುವುದು ಸರೀನಾ?
– ಓದುಗರೊಬ್ಬರು, ಮಾದಾಪುರ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆ ಮೆಟ್ರೊ ಬಗ್ಗೆ ಅನ್ನುವುದಕ್ಕಿಂತ ನಮ್ಮ ಬಗ್ಗೆಯೇ ಜಾಸ್ತಿ ಅನಿಸಿತು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಚಿಕ್ಕಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಭಾಗ ಅದು. ಬಳೇಪೇಟೆ, ಸುಲ್ತಾನ್‌ಪೇಟೆ, ಮಾಮೂಲ್‌ಪೇಟೆ ಎಲ್ಲ ಅಲ್ಲೇ ಒತ್ತಿಕೊಂಡಿವೆ. ಆ ಗಲ್ಲಿಗಳಲ್ಲಿ ಒಂದು ಗೂಡ್ಸ್ ಆಟೊ ನಿಂತರೆ ಹಿಂದಿನವರು ಮುಂದೆ ಹೋಗುವ ಹಾಗಿಲ್ಲ. ಅಂಥ ಕಡೆ ಕಂಬ ನಿಲ್ಲಿಸಿ ಮೇಲೆ ರೈಲು ಓಡಿಸಲು ಜಾಗ ಎಲ್ಲಿದೆ? ನಮ್ಮ ಮೆಟ್ರೊ ಮೊದಲ ಹಂತದ 42.3 ಕಿಲೋಮೀಟರ್‌ನಲ್ಲಿ ನೆಲದಡಿ ಹೋಗುವುದು ಸುಮಾರು 8.8 ಕಿಲೋಮೀಟರ್ ಮಾತ್ರ. ಬೇರೆ ದಾರಿ ಇಲ್ಲದ ಕಡೆ ಮಾತ್ರ ಕೆಳಗೆ ಇಳಿದಿದ್ದಾರೆ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ನಿಲ್ದಾಣಗಳು ಜನರಿಗೆ ತೆರೆದದ್ದು 2017ರ ಜೂನ್‌ನಲ್ಲಿ.

ಇನ್ನು ಅಗೆದದ್ದು ಹೇಗೆ ಅಂತ. ಇಂಥ ನಿಲ್ದಾಣ ಕಟ್ಟುವಾಗ ಮೊದಲು ಗುಂಡಿ ತೋಡುವುದಿಲ್ಲ. ಅಗೆಯಬೇಕಾದ ಜಾಗದ ಸುತ್ತ ಮೊದಲು ಗಟ್ಟಿ ಆಸರೆ ಇಳಿಸುತ್ತಾರೆ. ಆಮೇಲೆ ಒಳಗಿನ ಮಣ್ಣು ತೆಗೆಯುತ್ತಾರೆ. ಕೆಳಗೆ ಹೋದಂತೆಲ್ಲ ಪಕ್ಕದ ಮಣ್ಣು ಒಳಗೆ ಬಾಗದ ಹಾಗೆ ಬಿಗಿ ಕೊಡುತ್ತಾ ಹೋಗುತ್ತಾರೆ. ನಿಲ್ದಾಣದಿಂದ ನಿಲ್ದಾಣಕ್ಕೆ ಸುರಂಗ ಕೊರೆಯುವುದು ಬೇರೆ ಯಂತ್ರ. ಚಿಕ್ಕಪೇಟೆ ಇರುವ ಹಸಿರು ಮಾರ್ಗದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಅಂತ ಹೆಸರಿಟ್ಟಿದ್ದರು. ನಮ್ಮ ಕಾವೇರಮ್ಮನ ಹೆಸರು ಬೆಂಗಳೂರಿನ ನೆಲದೊಳಗೂ ಹೋಗಿ ಬಂದಿದೆ, ನೋಡಿ.

ಆ ಯಂತ್ರ ಸ್ವಲ್ಪ ಕೊರೆದ ಕೂಡಲೇ ಹಿಂದೆ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಒಂದು ಬಳೆ ಪೂರ್ತಿ ಮಾಡುತ್ತದೆ. ನಾವು ಬಾವಿಗೆ ರಿಂಗ್ ಇಳಿಸುತ್ತೇವಲ್ಲ, ಅದನ್ನೇ ಅಡ್ಡ ಮಲಗಿಸಿದ ಹಾಗೆ. ಬಳೆಗೂ ಮಣ್ಣಿಗೂ ನಡುವೆ ಉಳಿದ ಸಂದಿಗೆ ಸಿಮೆಂಟಿನ ಗಾರೆ ತುಂಬುತ್ತಾರೆ. ಆಮೇಲೇ ಮುಂದಿನ ಕೊರೆತ. ಅಗೆದ ಮಣ್ಣನ್ನು ಆಸರೆಯಿಲ್ಲದೆ ಬಿಟ್ಟು ಹೋಗುವುದಿಲ್ಲ. ಇಡೀ ಕೆಲಸದ ಜೀವ ಇರುವುದು ಇಲ್ಲೇ.

ಮೇಲಿನ ಕಟ್ಟಡಗಳ ಮೇಲೂ ಕಣ್ಣಿಡಬೇಕು. ಗೋಡೆಯ ಬಿರುಕು ಅಗಲವಾಯಿತಾ, ಕಟ್ಟಡ ವಾಲಿತಾ, ನೆಲ ಕೂದಲೆಳೆಯಷ್ಟು ಇಳಿಯಿತಾ, ಅಂತರ್ಜಲದ ಮಟ್ಟ ಬದಲಾಯಿತಾ, ಇದನ್ನೆಲ್ಲ ಅಳೆಯುತ್ತಲೇ ಇರುತ್ತಾರೆ. ಅಷ್ಟು ಮಾಡಿದರೂ ತೊಂದರೆ ಆಗುವುದಿಲ್ಲ ಅಂತಲ್ಲ. ಬೆಂಗಳೂರಿನ ನೆಲದಲ್ಲಿ ಮೇಲೆ ಸಡಿಲ ಮಣ್ಣು, ಕೆಳಗೆ ಗಟ್ಟಿ ಕಲ್ಲು. ಯಂತ್ರದ ಮುಖಕ್ಕೆ ಎರಡೂ ಒಟ್ಟಿಗೆ ಸಿಕ್ಕರೆ ಕೆಲಸ ಕುಂಟುತ್ತದೆ. 2023ರ ಜನವರಿಯಲ್ಲಿ, ಇನ್ನೊಂದು ಮಾರ್ಗದ ಸುರಂಗ ಕೊರೆಯುವಾಗ, ಬ್ರಿಗೇಡ್ ರಸ್ತೆಯಲ್ಲಿ ನೆಲ ಕುಸಿದು ದೊಡ್ಡ ಗುಂಡಿಯೇ ಬಿತ್ತು. ಕಾಂಕ್ರೀಟ್ ಸುರಿದು ಮುಚ್ಚಿದರು.

ನೀರಿನ ವಿಷಯ ನೀವು ಕೇಳಿಲ್ಲ, ಆದರೆ ನನಗೆ ಅದೇ ಮುಖ್ಯ. ಮುಂದಿನ ಸಲ ಹೋದಾಗ ಗಮನಿಸಿ. ನೆಲದಡಿಯ ನಿಲ್ದಾಣದ ಬಾಗಿಲಿಗೆ ಹೋಗಲು ಮೊದಲು ಕೆಲವು ಮೆಟ್ಟಿಲು ಮೇಲೆ ಹತ್ತಬೇಕು, ಆಮೇಲೆ ಇಳಿಯಬೇಕು. ರಸ್ತೆಯ ಮಳೆನೀರು ಒಳಗೆ ನುಗ್ಗಬಾರದು ಅಂತ ಹಾಗೆ ಎತ್ತರಿಸುತ್ತಾರೆ. ಒಳಗೆ ಜಿನುಗಿದ ನೀರನ್ನು ತಳದ ಗುಂಡಿಗೆ ಹರಿಸಿ ಪಂಪಿನಿಂದ ಹೊರಗೆ ಹಾಕುತ್ತಾರೆ. ಮಡಿಕೇರಿಗೆ ಬೀಳುವ ಮಳೆಯ ಮೂರನೇ ಒಂದು ಪಾಲೂ ಬೀಳದ ಊರಿನಲ್ಲಿ ಇಷ್ಟು ಎಚ್ಚರ.

ಈಗ ನಿಮ್ಮ ಮಾತಿಗೆ ಬರುತ್ತೇನೆ. 'ಯಾರೂ ಸುರಂಗ ಕೊರೆಯದ ಬೆಟ್ಟ' ಅಂದಿರಿ. ಸುರಂಗ ಕೊರೆಯಲಿಲ್ಲ, ನಿಜ. ಆದರೆ ಬರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕಡಿದೆವು. ರಸ್ತೆಗೆ, ಮನೆಗೆ, ಹೋಂಸ್ಟೇಗೆ, ಲೇಔಟ್‌ಗೆ ಅಂತ ಕಡಿದೆವು. ಜೆಸಿಬಿ ಬೆಳಗ್ಗೆ ಬಂದರೆ ಸಂಜೆಗೆ ಗೋಡೆಯ ಹಾಗೆ ನೆಟ್ಟಗೆ ನಿಂತ ಬರೆ. ತಡೆಗೋಡೆ 'ಮುಂದಿನ ವರ್ಷ'. ತೆಗೆದ ಮಣ್ಣು ಕೆಳಗಿನ ತೋಡಿಗೆ, ಅಂದರೆ ಹಳ್ಳಕ್ಕೆ. ಮೇಲಿಂದ ಬರುವ ನೀರು ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ. ನೀರು ಮಣ್ಣಿನೊಳಗೆ ಇಳಿಯುತ್ತದೆ, ಕೆಳಗಿನ ಕಲ್ಲಿನ ಮೇಲೆ ನಿಲ್ಲುತ್ತದೆ, ಮೇಲಿನ ಮಣ್ಣು ಭಾರವಾಗಿ ಜಾರುತ್ತದೆ. ಕೆಳಗೆ ತಡೆಯಬೇಕಾದ ಮಣ್ಣನ್ನು ನಾವೇ ತೆಗೆದಿರುತ್ತೇವೆ.

2018ರ ಆಗಸ್ಟ್‌ನಲ್ಲಿ ಬಿದ್ದ ಮಳೆ ಸಾಮಾನ್ಯದ್ದಲ್ಲ. ಅದನ್ನು ಮರೆಯಬಾರದು. ಆದರೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಆಮೇಲೆ ಬಂದು ನೋಡಿದಾಗ, ಮಳೆಯ ಜೊತೆಗೆ ಇಳಿಜಾರನ್ನು ಮನುಷ್ಯರು ಕಡಿದದ್ದನ್ನೂ ಕಾರಣ ಅಂತ ಹೇಳಿದ್ದಾರೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಮನೆ ಕಳೆದುಕೊಂಡವರ ಮೇಲೆ ಇದನ್ನು ಹೊರಿಸಲು ನನಗೆ ಮನಸ್ಸಿಲ್ಲ. ಮೂರು ಸೆಂಟ್ ಜಾಗದ ಬಡವರು ಬರೆ ಕಡಿಯುವುದು ಬೇರೆ ನೆಲ ಇಲ್ಲದ್ದಕ್ಕೆ. ನೋಟ ಚೆನ್ನಾಗಿದೆ ಅಂತ ಗುಡ್ಡದ ಅಂಚಿಗೆ ರೆಸಾರ್ಟ್ ಕಟ್ಟುವವರನ್ನೂ ಅವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಭೂಮಿ ಬಗೆಯುವುದು ಸರೀನಾ ಅಂದಿರಲ್ಲ. ಚಿಕ್ಕಪೇಟೆಯಲ್ಲಿ ಸರಿ ಅಂತಲೇ ನನ್ನ ಅಭಿಪ್ರಾಯ. ನಿಲ್ದಾಣದ ಜಾಗಕ್ಕಾಗಿ ಅಂಗಡಿ ಬಿಟ್ಟುಕೊಟ್ಟವರ ನಷ್ಟ ಸಣ್ಣದಲ್ಲ. ಆದರೆ ದಿನಾ ಆ ಪೇಟೆಗೆ ಬರುವ ಸಾವಿರಾರು ಜನರಿಗೆ ಅಷ್ಟು ಉಪಕಾರವಾದ ಇನ್ನೊಂದು ದಾರಿ ನನಗೆ ಕಾಣುತ್ತಿಲ್ಲ. ನಮ್ಮ ಬೆಟ್ಟಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರಲಿ ಅನ್ನುವವರು ತುಂಬಾ ಜನ ಇದ್ದಾರೆ, ಅದು ಬಯಲು. ಅಲ್ಲಿಂದ ಮೇಲಕ್ಕೆ ಹಳಿ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮಗೆ ಬೇಕಾದದ್ದು ಅವರ ಯಂತ್ರವಲ್ಲ, ಅವರ ಕ್ರಮ. ಬರೆ ಕಡಿಯುವ ಮೊದಲು ಮಣ್ಣು ನೋಡಬೇಕು. ಕಡಿದಷ್ಟಕ್ಕೂ ಅದೇ ಬೇಸಿಗೆಯಲ್ಲಿ ಆಸರೆ ಕೊಡಬೇಕು. ತಡೆಗೋಡೆಯಲ್ಲಿ ನೀರು ಹೊರಬರಲು ಪೈಪ್ ಇಡಬೇಕು. ಆಮೇಲೂ ಅಳೆಯುತ್ತಿರಬೇಕು. ಇದು ಮನೆ ಕಟ್ಟುವವರ ತಲೆಗೆ ಮಾತ್ರ ಕಟ್ಟುವ ಕೆಲಸವಲ್ಲ. ಪಂಚಾಯತಿ ಪರವಾನಗಿ ಕೊಡುವಾಗಲೇ ಕೇಳಬೇಕು, ಬಡವರಿಗೆ ತಡೆಗೋಡೆಗೆ ಸರ್ಕಾರದ ಹಣ ಸಿಗಬೇಕು.

ನೀವಿರುವುದು ಮಾದಾಪುರದಲ್ಲಿ, ಆದ್ದರಿಂದ ಒಂದು ಕೋರಿಕೆ. ಮಳೆ ಹಿಡಿಯುವ ಮೊದಲು ಅಕ್ಕಪಕ್ಕದ ಬರೆಗಳನ್ನು ನೋಡಿಕೊಂಡು ಬನ್ನಿ. ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ, ಉಬ್ಬಿದ ತಡೆಗೋಡೆ, ಹೊಸ ಜಾಗದಲ್ಲಿ ಒಸರುವ ನೀರು, ಇದರಲ್ಲಿ ಯಾವುದು ಕಂಡರೂ ಪಂಚಾಯತಿಗೆ ಬರೆದುಕೊಡಿ. ಮಳೆಗಾಲದಲ್ಲಿ ಬರೆಯಿಂದ ಇದ್ದಕ್ಕಿದ್ದಂತೆ ಕೆಸರುನೀರು ಬಂದರೆ ಪತ್ರ ಬರೆಯುತ್ತಾ ಕೂರಬೇಡಿ, ಮೊದಲು ಮನೆಯಿಂದ ಹೊರಡಿ. ಅರ್ಜಿಯ ಪ್ರತಿ ನಮಗೂ ಕಳಿಸಿ. ನಿಮ್ಮ ಹೆಸರು ಹಾಕದೆ, ಊರು ಮತ್ತು ದಿನಾಂಕ ಹಾಕಿ ಪ್ರಕಟಿಸುತ್ತೇವೆ.