ಜಗಲಿಗೆ ಮೆಶ್ ಹಾಕಿಸುವ ಮೊದಲು ನೆಲದ ವಾಟ ನೋಡಿ

ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆ, ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಡೆಂಗಿ ಮತ್ತು ಮಂಗನ ಕಾಯಿಲೆ ಭಯ, ಮುಂದಿನ ಜಗಲಿಯನ್ನು ಮೆಶ್ ಹಾಕಿ ಪೂರ್ತಿ ಮುಚ್ಚಬೇಕು, ಅಲ್ಯೂಮಿನಿಯಂ ಸ್ಲೈಡಿಂಗ್ ಒಳ್ಳೆಯದೋ ಮರದ ಚೌಕಟ್ಟೋ ಅಂತ ಕೇಳಿದ್ದೀರಿ. ಊರಿನ ಹೆಸರು ಬದಲಾಯಿಸಿದರೆ ಇದು ನಮ್ಮನೆ ಕಥೆಯೇ. ನಮ್ಮದು ಹೊಸನಗರದ ಕಡೆ. ನನ್ನನ್ನು ಕೇಳಿದರೆ ಎರಡೂ ಬೇಡ. ಮುಂದಿನ ಜಗಲಿ ಮುಚ್ಚಲೇಬೇಡಿ.

ಮಾವನಿಗೆ ಡೆಂಗಿ ಬಂದು ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿ ವಾಪಸ್ ಬಂದಮೇಲೆ, ಒಂದು ಸೊಳ್ಳೆ ಗುಂಯ್ ಅಂದರೂ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದೆವು. ಬೆಂಗಳೂರಿನಲ್ಲಿರುವ ಭಾವ ಯಾವುದೋ ಅಪಾರ್ಟ್‌ಮೆಂಟಿನ ಬಾಲ್ಕನಿ ವಿಡಿಯೋ ಕಳಿಸಿದರು. "ಜಗಲಿಗೂ ಹೀಗೇ ಮಾಡಿಸಿಬಿಡಿ, ದುಡ್ಡು ನಾನು ಹಾಕ್ತೀನಿ" ಅಂದರು. ಅತ್ತೆಗೆ ಮಾತ್ರ ಮನಸ್ಸಿರಲಿಲ್ಲ. "ಜಗಲಿಗೆ ಬಾಗಿಲು ಹಾಕಿದ್ರೆ ಬಂದವರು ಎಲ್ಲಿ ಕೂರಬೇಕು? ಕವಳದ ತಟ್ಟೆ ಎಲ್ಲಿಡಬೇಕು?" ಅಂತ ಗೊಣಗಿದರು. ಹಳೇ ಕಾಲದವರ ಮಾತು ಅಂತ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿವಮೊಗ್ಗದಿಂದ ಒಬ್ಬ ಫ್ಯಾಬ್ರಿಕೇಶನ್‌ನವರು ಬಂದು ಅಳತೆ ತಗೊಂಡರು. ಅವರ ಪ್ಲಾನ್ ಹೀಗೆ: ಮುಂಡಿಗೆಯಿಂದ ಮುಂಡಿಗೆಗೆ (ಮಾಡು ಹೊರುವ ಮರದ ಕಂಬ) ಎರಡೂವರೆ ಅಡಿ ಎತ್ತರದ ಇಟ್ಟಿಗೆ ಅರೆಗೋಡೆ, ಅದರ ಮೇಲೆ ಸೂರಿನವರೆಗೂ ಅಲ್ಯೂಮಿನಿಯಂ ಸ್ಲೈಡಿಂಗ್, ಅದಕ್ಕೆ ಫೈಬರ್ ಮೆಶ್. "ಕೆಳಗಡೆ ಗೋಡೆ ಇದ್ರೆ ನಾಯಿ ಬೆಕ್ಕು ಹರಿಯಲ್ಲ, ಮಳೆ ಎರಚಲೂ ನಿಲ್ಲುತ್ತೆ ಮೇಡಂ" ಅಂದರು. ಕೇಳೋಕೆ ಸರಿಯಾಗೇ ಇತ್ತು. ಮೇ ಕೊನೆಯ ಹೊತ್ತಿಗೆ ಕೆಲಸ ಮುಗಿಯಿತು. ಫೋಟೋ ತೆಗೆದು ನೆಂಟರ ಗ್ರೂಪಿಗೆಲ್ಲ ಹಾಕಿದೆವು.

ಆಮೇಲೆ ಮಳೆ ಹಿಡಿಯಿತು.

ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲೇ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ. ಮಳೆ ಮೇಲಿಂದ ಬೀಳೋದಾದರೆ ಸೂರು ಸಾಕು. ಆದರೆ ಜೂನ್ ಜುಲೈಯಲ್ಲಿ ಪಡುವಣ ಗಾಳಿ ಜೊತೆ ಅಡ್ಡಡ್ಡ ಬರುತ್ತಲ್ಲ, ಅದಕ್ಕೆ ಮೆಶ್ ಯಾವ ಲೆಕ್ಕ? ದಪ್ಪ ಹನಿ ಮೆಶ್‌ಗೆ ಬಡಿದು ಪುಡಿಯಾಗಿ ಒಳಗೆ ಬರುತ್ತೆ. ಮೊದಲು ಜಗಲಿಯ ಅಂಚು ಒದ್ದೆಯಾಗುತ್ತಿತ್ತು, ಈಗ ಒಳಗಿನ ಬೆಂಚಿನವರೆಗೂ ತುಂತುರು. ಹತ್ತಿರ ಹೋಗಿ ನೋಡಿದರೆ ಮೆಶ್‌ನ ಒಂದೊಂದು ಕಣ್ಣಿನಲ್ಲೂ ನೀರಿನ ಪೊರೆ ಕಟ್ಟಿರುತ್ತಿತ್ತು. ಬಾಯಲ್ಲಿ ಊದಿದರೆ ಅಷ್ಟು ಜಾಗ ಒಡೆಯುತ್ತೆ, ಮತ್ತೆ ಮುಚ್ಚಿಕೊಳ್ಳುತ್ತೆ. ಮಳೆ ನಿಂತಮೇಲೂ ಗಾಳಿ ಆಡುತ್ತಿರಲಿಲ್ಲ. ಒಳಗೆ ಒಂಥರಾ ಮುಗ್ಗಲು ವಾಸನೆ. ಬೆಂಚಿನ ಕೆಳಗೆ, ಚಪ್ಪಲಿ ಮೇಲೆ, ಗೋಡೆಯ ಫೋಟೋ ಹಿಂದೆ, ಎಲ್ಲಾ ಕಡೆ ಬೂಷ್ಟು.

ಇಷ್ಟೇ ಆಗಿದ್ದರೆ ಮಳೆಗಾಲ ಮುಗಿದಮೇಲೆ ಒಣಗಿಸಿಕೊಂಡು ಸುಮ್ನೆ ಇರಬಹುದಿತ್ತು. ನಮಗೆ ಹೊಡೆತ ಕೊಟ್ಟಿದ್ದು ಆ ಅರೆಗೋಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ "ಕೆಳಗೆ ಸಣ್ಣ ಗೋಡೆ" ಅಂತ ಒಂದು ಸಾಲು ಇದೆ.

ಹಳೇ ಜಗಲಿಯ ನೆಲ ನೋಡೋಕೆ ಸಮ ಇದ್ದ ಹಾಗಿರುತ್ತೆ. ಸಮ ಇರಲ್ಲ. ಕಟ್ಟಿದವರು ಅಂಗಳದ ಕಡೆಗೆ ವಾಟ, ಅಂದರೆ ಸ್ವಲ್ಪ ಇಳಿಜಾರು, ಕೊಟ್ಟಿರುತ್ತಾರೆ. ಎರಚಲು ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ತಡೆಯೋಕೆ ಹೋಗದೆ, ಬಂದ ನೀರು ತಾನಾಗೇ ಇಳಿದು ಹೋಗಲಿ ಅಂತ ಬಿಟ್ಟರು. ಗಾಳಿ ಜೋರಿರುವ ಕಡೆ ಮಳೆಗಾಲಕ್ಕೆ ಮಾತ್ರ ಸೋಗೆ ತಟ್ಟಿ ಕಟ್ಟಿ, ಮಳೆ ಹೋದಮೇಲೆ ಬಿಚ್ಚುತ್ತಿದ್ದರು. ನಮ್ಮ ಅರೆಗೋಡೆ ಸರಿಯಾಗಿ ಆ ವಾಟದ ಕೊನೆಗೆ ಅಣೆಕಟ್ಟಿನ ಹಾಗೆ ಕೂತಿತು. ತುಂತುರಾಗಿ ಒಳಗೆ ಬಂದ ನೀರು ಇಳಿದು ಬಂದು ಗೋಡೆ ಬುಡದಲ್ಲಿ ನಿಲ್ಲುತ್ತಿತ್ತು. ದಿನಾ ಬೆಳಗ್ಗೆ ಒರೆಸುತ್ತಿದ್ದೆವು. ಒರೆಸಿದ್ದು ಮೇಲಿನ ನೀರು ಅಷ್ಟೇ ಅಲ್ವಾ? ಇಟ್ಟಿಗೆ ಕುಡಿದ ನೀರನ್ನು ಯಾರು ಒರೆಸುತ್ತಾರೆ?

ಇನ್ನು ಮುಂಡಿಗೆ. ಹಳೇ ಮನೆಯಲ್ಲಿ ಮುಂಡಿಗೆ ಕಲ್ಲಿನ ಮೇಲೆ ನಿಂತಿರುತ್ತೆ, ಸುತ್ತ ಖಾಲಿ. ಮಳೆಯಲ್ಲಿ ನೆನೆದರೂ ನಾಲ್ಕೂ ಕಡೆ ಗಾಳಿ ತಾಗಿ ಒಣಗುತ್ತೆ. ಅದಕ್ಕೇ ಅವು ಅಜ್ಜನ ಕಾಲದಿಂದ ನಿಂತಿವೆ. ನಾವು ಇಟ್ಟಿಗೆಯನ್ನು ಎರಡೂ ಕಡೆಯಿಂದ ಮುಂಡಿಗೆಗೆ ಆನಿಸಿ ಕಟ್ಟಿಸಿದೆವು. ಸಂದು ಕಾಣಬಾರದು ಅಂತ ಸಿಮೆಂಟ್ ಮೆತ್ತಿಸಿದೆವು. ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗೂ ಮರಕ್ಕೂ ನಡುವೆ ಸಿಲಿಕಾನ್ ತುಂಬಿದರು. ಅಂದರೆ ಮರದ ಬುಡ ಎರಡೂವರೆ ಅಡಿ ಎತ್ತರದವರೆಗೆ ಒದ್ದೆ ಇಟ್ಟಿಗೆ ನಡುವೆ ಸಿಕ್ಕಿಹಾಕಿಕೊಂಡಿತು, ಒಣಗೋಕೆ ದಾರಿಯೇ ಇಲ್ಲ. ಗೆದ್ದಲಿಗೆ ಇದಕ್ಕಿಂತ ಇನ್ನೇನು ಬೇಕು? ಕತ್ತಲೆ, ತೇವ, ಮರ, ಮೂರೂ ಒಂದೇ ಕಡೆ. ಹೊರಗಡೆ ಬಣ್ಣ ಹೊಡೆದ ಸಿಮೆಂಟು ಮಾತ್ರ ಥಳಥಳ ಅಂತಿತ್ತು.

ಎರಡನೇ ಮಳೆಗಾಲ ಕಳೆದು, ಅಡಿಕೆ ಸುಲಿಯುವ ಹೊತ್ತಿಗೆ ಸ್ಲೈಡಿಂಗ್ ಬಾಗಿಲು ಹಿಡಿಯತೊಡಗಿತು. ಟ್ರ್ಯಾಕಿನಲ್ಲಿ ಮಣ್ಣು ತುಂಬಿದೆ ಅಂದುಕೊಂಡು ಬ್ರಷ್ ಹಾಕಿ ಉಜ್ಜಿದೆವು. ಸರಿ ಹೋಗಲಿಲ್ಲ. ಮರಗೆಲಸದ ಆಚಾರ್ರನ್ನು ಕರೆಸಿದರೆ ಅವರು ಬಾಗಿಲ ಕಡೆ ನೋಡಲೇ ಇಲ್ಲ. ಮೇಲೆ ಮಾಡಿನ ಪಕಾಸಿ ಕಡೆ ನೋಡಿದರು, ಆಮೇಲೆ ಕೂತು ಮೂಲೆ ಮುಂಡಿಗೆಯ ಬುಡದ ಸಿಮೆಂಟು ಕೆತ್ತಿ ಉಳಿ ಇಟ್ಟು ಒತ್ತಿದರು. ಸುತ್ತಿಗೆ ಮುಟ್ಟಲಿಲ್ಲ, ಉಳಿ ಹಿಡಿಯವರೆಗೂ ಇಳಿಯಿತು. ಮುಂಡಿಗೆ ಕುಸಿದು ಮಾಡು ಆ ಮೂಲೆಯಲ್ಲಿ ಇಳಿದಿತ್ತು. ಅದಕ್ಕೇ ಬಾಗಿಲು ಹಿಡಿಯುತ್ತಿದ್ದದ್ದು.

ಹೆಂಚು ಇಳಿಸಿ, ತೊಲೆಗೆ ಜಾಕಿ ಕೊಟ್ಟು, ಅರೆಗೋಡೆ ಒಡೆದು, ಮುಂಡಿಗೆಗಳ ಕೊಳೆತ ಬುಡ ಕತ್ತರಿಸಿ, ಅಷ್ಟೇ ಎತ್ತರದ ಗ್ರಾನೈಟ್ ಕಲ್ಲು ಕೊಟ್ಟು ನಿಲ್ಲಿಸಿದರು. ಮೂಲೆಯದ್ದಂತೂ ಪೂರ್ತಿ ಹೊಸದೇ ಹಾಕಬೇಕಾಯಿತು. ಸುಲಿಯುವವರಿಗೆ ಕೂರೋಕೆ ಜಾಗ ಇಲ್ಲದೆ ಆ ಸಲ ಪಕ್ಕದ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಸಿದೆವು. ಖರ್ಚು ಕೇಳಬೇಡಿ. ಮುಚ್ಚೋಕೆ ಆದದ್ದಕ್ಕಿಂತ ಬಿಚ್ಚಿ ರಿಪೇರಿ ಮಾಡೋಕೆ ಆದದ್ದೇ ಜಾಸ್ತಿ. ಭಾವ ಆ ದುಡ್ಡಿನ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಇಷ್ಟೆಲ್ಲ ಮಾಡಿಸಿ ಸೊಳ್ಳೆ ನಿಂತಿತಾ? ಇಲ್ಲ. ಡೆಂಗಿ ತರುವ ಸೊಳ್ಳೆ ಕಚ್ಚೋದು ಹಗಲಲ್ಲಿ. ಹಗಲಲ್ಲಿ ನಮ್ಮಂಥ ಮನೆಗಳ ಬಾಗಿಲು ಯಾವಾಗ ಮುಚ್ಚಿರುತ್ತೆ ಹೇಳಿ? ಕೊಟ್ಟಿಗೆಗೆ ಹೋಗೋರು, ತೋಟದಿಂದ ಬರೋರು, ಮೆಶ್ ಬಾಗಿಲು ಅರ್ಧ ಸರಿಸಿ ಹಾಗೇ ಹೋಗುತ್ತಾರೆ. ಒಳಗೆ ಬಂದ ಸೊಳ್ಳೆಗೆ ಆಮೇಲೆ ಹೊರಗೆ ಹೋಗೋಕೂ ಆಗಲ್ಲ. ಅದು ಹುಟ್ಟೋದು ಎಲ್ಲಿ ಅಂತ ನೋಡಿದರೆ ನಮ್ಮ ತೋಟದಲ್ಲೇ. ಬಿದ್ದ ಅಡಿಕೆ ಹಾಳೆಯಲ್ಲಿ ಮಳೆ ನೀರು ನಿಲ್ಲುತ್ತೆ. ತೆಂಗಿನ ಗರಟೆ, ಒಡೆದ ಕೊಡ, ಟಾರ್ಪಾಲಿನ ಮಡಿಕೆ, ಅಂಗಳದ ಮೂಲೆಯ ಹಳೇ ಟೈರು, ಎಲ್ಲದರಲ್ಲೂ. ಮೊಟ್ಟೆ ಸೊಳ್ಳೆಯಾಗೋಕೆ ಸುಮಾರು 8ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಮನೆ ಸುತ್ತ ಹಾಳೆ ಹೆಕ್ಕಿ, ನಿಂತ ನೀರು ಚೆಲ್ಲಿದರೆ ಮುಕ್ಕಾಲು ಕೆಲಸ ಆದ ಹಾಗೆ. ಈಗ ನಮ್ಮನೆಯಲ್ಲಿ ಭಾನುವಾರದ ಕೆಲಸ ಅದೇ.

ಮಂಗನ ಕಾಯಿಲೆಗೂ ಮೆಶ್‌ಗೂ ಸಂಬಂಧವೇ ಇಲ್ಲ. ಅದನ್ನು ಹರಡೋದು ಉಣುಗು (ಉಣ್ಣೆ ಹುಳ), ಸೊಳ್ಳೆ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಉಣುಗು ಹಾರಿ ಬರಲ್ಲ. ದನದ ಮೈಮೇಲೆ, ನಾಯಿಯ ಕಿವಿಯಲ್ಲಿ, ಕೊಟ್ಟಿಗೆಗೆ ತಂದ ದರಗಿನ (ಒಣ ಎಲೆ) ಜೊತೆ, ನಿಮ್ಮ ಪ್ಯಾಂಟಿನ ಮಡಿಕೆಯಲ್ಲಿ ಬರುತ್ತೆ. ಕಾಡಿನ ಕಡೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಟ್ಟೆ ಬದಲಾಯಿಸಿ ಬಿಸಿನೀರು ಸ್ನಾನ ಮಾಡಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಇಲಾಖೆಗೆ ತಿಳಿಸಿ. ನಿಮ್ಮ ಅಪ್ಪ ದರಗು ಗುಡಿಸೋಕೆ ಹೋಗುತ್ತಾರೆ ಅಂದರೆ ಜಗಲಿಗಿಂತ ಮೊದಲು ಈ ಕಡೆ ಗಮನ ಕೊಡಿ.

ಈಗ ನಮ್ಮಲ್ಲಿ ಮುಂದಿನ ಜಗಲಿ ಮೊದಲಿನ ಹಾಗೇ ತೆರೆದಿದೆ. ಎರಚಲಿಗೆ ಸೂರನ್ನೇ ಮೂರು ಅಡಿ ಮುಂದಕ್ಕೆ ತಂದೆವು. ಶೀಟ್ ಹಾಕಿಸಿ ಅಂದವರೇ ಜಾಸ್ತಿ, ಮಳೆಯಲ್ಲಿ ಆ ಸದ್ದಿಗೆ ಫೋನ್ ಮಾತೂ ಕೇಳಲ್ಲ ಅಂತ ಹೆಂಚೇ ಹಾಕಿಸಿದ್ದು. ಮೆಶ್ ಹಾಕಿದ್ದು ಹಿತ್ತಿಲ ಕಡೆಯ ಸಣ್ಣ ಜಗಲಿಗೆ ಮಾತ್ರ. ಅದು ಮೂಡಣ ದಿಕ್ಕಿಗಿದೆ, ಗಾಳಿ ಮಳೆ ಅಷ್ಟು ಬಡಿಯಲ್ಲ. ಮಾವ ಹಗಲು ಮಲಗೋದೂ ಅಲ್ಲೇ. ಸಾಗುವಾನಿ ಚೌಕಟ್ಟು, ಕೊಕ್ಕೆ ಹಾಕಿ ನೇತು ಹಾಕಿದ್ದು, ಬೇಕಾದಾಗ ಎತ್ತಿ ಅಂಗಳದಲ್ಲಿಟ್ಟು ತೊಳೆಯಬಹುದು. ಮುಂಡಿಗೆಗೆ ಯಾವುದೂ ಅಂಟಿಲ್ಲ, ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು ಅಲ್ಲಿ ಬ್ರಷ್ ಪಟ್ಟಿ ಹೊಡೆದಿದ್ದೇವೆ. ಕೆಳಗೂ ನೆಲಕ್ಕೆ ತಾಗಲ್ಲ, ರಬ್ಬರ್ ಪಟ್ಟಿ ನೇತಾಡುತ್ತೆ, ನೀರು ಅದರಡಿ ಹರಿದು ಹೋಗುತ್ತೆ. ಬಾಗಿಲು ಹೊರಕ್ಕೆ ತೆರೆಯುತ್ತೆ, ಸ್ಪ್ರಿಂಗ್ ಇದೆ, ಯಾರು ಮರೆತರೂ ತಾನೇ ಮುಚ್ಚಿಕೊಳ್ಳುತ್ತೆ. ಮೇಲೊಂದು ಫ್ಯಾನ್. ಸೊಳ್ಳೆಗೆ ಫ್ಯಾನ್ ಗಾಳಿಗೆ ಎದುರು ಹಾರುವ ಶಕ್ತಿ ಇಲ್ಲ. ಮುಂದಿನ ಜಗಲಿಗೂ ನಾನು ಮೆಶ್‌ಗಿಂತ ಮೊದಲು ಫ್ಯಾನ್ ಅಂತಲೇ ಹೇಳೋದು.

ಮೆಶ್ ಯಾವುದು ಅಂತಲೂ ಕೇಳಿದ್ದೀರಿ. ನಮ್ಮ ಕಡೆ 304 ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಹಾಕಿಸಬೇಡಿ. ಫೈಬರ್ ಮೆಶ್ ಅಗ್ಗ, ಆದರೆ ಮಂಗ ಒಂದು ಸಲ ನೇತು ಬಿದ್ದರೆ ಮುಗಿಯಿತು. ನಮ್ಮನೆಯಲ್ಲಿ ಬಾಳೆಗೊನೆ ಕಂಡು ಮೂಲೆಯಿಂದ ಸೀಳಿಕೊಂಡೇ ಒಳಗೆ ಬಂದವು. ಜಿ.ಐ. ಮೆಶ್ (ಸತು ಲೇಪಿಸಿದ ಕಬ್ಬಿಣದ್ದು) ಮಳೆಗೆ ತುಕ್ಕು ಹಿಡಿಯುತ್ತೆ. ಸ್ಟೀಲ್ ಮೆಶ್ ಹಾಕಿಸಿ ಕಬ್ಬಿಣದ ಸ್ಕ್ರೂ ಹೊಡೆಯುವವರೂ ಇದ್ದಾರೆ, ಎದುರು ನಿಂತು ನೋಡಿ. ಇಂಚಿಗೆ 18×16 ಕಣ್ಣಿನದ್ದು ಸೊಳ್ಳೆಗೆ ಸಾಕು. ನೊರಜು ಅದರಲ್ಲೂ ತೂರುತ್ತೆ, ಆದರೆ ಅದಕ್ಕಿಂತ ಸಣ್ಣ ಕಣ್ಣಿನದ್ದು ಹಾಕಿಸಿದರೆ ಗಾಳಿ ಬರಲ್ಲ. ಮಳೆ ಶುರುವಾಗುವಾಗ ಈಸಲು (ರೆಕ್ಕೆ ಬಂದ ಗೆದ್ದಲು) ಎದ್ದು ದೀಪಕ್ಕೆ ಮುತ್ತುತ್ತವಲ್ಲ, ಅದಕ್ಕೆ ಬಾಗಿಲ ಹತ್ತಿರದ ದೀಪ ಆರಿಸಿ ಅಂಗಳದ ಆಚೆ ತುದಿಯದ್ದು ಹಾಕಿಡಿ.

ಇಷ್ಟು ಹೇಳಿದಮೇಲೂ ಅಪ್ಪ ಅಮ್ಮ ಮುಂದಿನ ಜಗಲಿಯೇ ಬೇಕು ಅಂದರೆ, ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಶುರು ಮಾಡುವ ಮೊದಲು ಗೋಡೆ ಬದಿಯಿಂದ ಎರಡು ಕೊಡ ನೀರು ಸುರಿದು ಅದು ಎಲ್ಲೆಲ್ಲಿ ಇಳಿಯುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಲಸಕ್ಕೆ ಬಂದವರಿಗೆ ಆ ಗುರುತು ತೋರಿಸಿ, ಇದರ ಮೇಲೆ ಒಂದು ಇಟ್ಟಿಗೆಯೂ ಕೂರಬಾರದು ಅಂತ ಮೊದಲೇ ಹೇಳಿ. "ಏನೂ ಆಗಲ್ಲ ಬಿಡಿ ಸಾರ್" ಅಂದರೆ ಬೇರೆಯವರನ್ನು ಹುಡುಕಿ.