ಉತ್ತರ: ತೇವದ ಗೋಡೆಗೆ ಮತ್ತೆ ಸಿಮೆಂಟ್ ಬೇಡ

ಮಧುಗಿರಿಯ ಅಜ್ಜನ ಕಾಲದ ಕಲ್ಲು-ಮಣ್ಣಿನ ಗೋಡೆಯಲ್ಲಿ ಮೂರಡಿವರೆಗೆ ಸಿಮೆಂಟ್ ಗಾರೆ ಉದುರುತ್ತಿದೆ, ವಾಟರ್‌ಪ್ರೂಫ್ ಬೆರೆಸಿ ಮತ್ತೆ ಬಳಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ನೆಲದಿಂದ ಏರುವ ತೇವ ಗೋಡೆಯ ಮೈಯಿಂದಲೇ ಆರಬೇಕು. ಸಿಮೆಂಟ್ ಅದನ್ನು ತಡೆದರೆ ತೇವ ಇನ್ನೂ ಮೇಲೇರುತ್ತೆ, ಉಪ್ಪು ಹರಳುಗಟ್ಟಿ ಗಾರೆಯನ್ನು ತಳ್ಳುತ್ತೆ, ಒಳಗಿನ ಮಣ್ಣೂ ಸಡಿಲವಾಗುತ್ತೆ.

ಸಿಮೆಂಟನ್ನು ಸಣ್ಣ ಉಳಿಯಲ್ಲಿ ನಿಧಾನ ಬಿಡಿಸಿ; ಮೆಷಿನ್ ಅದುರಿದರೆ ಕಲ್ಲೇ ಕದಲಬಹುದು. ಒಂದು ಬೇಸಿಗೆ ಪೂರ್ತಿ ಒಣಗಲಿ. ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ಮೊದಲು ಇಳಿಜಾರು ಮಾಡಿಸಿ, ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಆಮೇಲೆ ತಿಂಗಳಾದರೂ ನೀರಲ್ಲಿ ನೆನೆದ ಸುಣ್ಣ 1 ಪಾಲು, ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ 1, ತೊಳೆದ ಮರಳು 2 ಬೆರೆಸಿ ಹೊಸ ಗಾರೆ ಮಾಡಿಸಿ. ಎರಡು ಕೋಟ್, ಒಂದೊಂದೂ 10 ಮಿ.ಮೀ. ಮೀರಬಾರದು, ದಪ್ಪ ಬಳಿದರೆ ಬಿರುಕು ಬಿಡುತ್ತೆ. ವಾರವಿಡೀ ಒದ್ದೆ ಗೋಣಿತಾಟು ಇಳಿಬಿಡಿ. ಮೇಲೆ ಸುಣ್ಣ ಮಾತ್ರ ಹೊಡೆಸಿ, ಪ್ಲಾಸ್ಟಿಕ್ ಪೇಂಟ್ ಖಂಡಿತ ಬೇಡ.